ದೋಣಿಯಲ್ಲಿ ಈಜು ಬಲ್ಲವರು

ಜೂನ್ ತಿಂಗಳಿಂದ ಅಕ್ಟೋಬರ್‌ವರೆಗೆ ಆ ಮನೆಯಲ್ಲಿ ಯಾರೂ ಕೂತು ಉಣ್ಣುವುದಿಲ್ಲ. ಥೆಮೆಲಿನಾ ಬೆಳಗ್ಗೆ ಐದೂವರೆಗೆ ಒಲೆ ಹಚ್ಚಿದರೆ ಮಧ್ಯಾಹ್ನ ಒಂದರೊಳಗೆ ಇಪ್ಪತ್ತೈದು ಜನರ ಊಟ ಪಾತ್ರೆಗಳಲ್ಲಿ ಕೂತು ಬಂದರಿಗೆ ಹೊರಟಿರಬೇಕು. ಅನ್ನ ತುಂಬಿದ ದ್ರಾಕ್ಷಿ ಎಲೆಯ ಸುರುಳಿ, ಆಕ್ಟೋಪಸ್ ವಡೆ, ಬಾರ್ಲಿಯ ಒಣರೊಟ್ಟಿ ನೆನೆಸಿ ಅದರ ಮೇಲೆ ಟೊಮೆಟೊ, ಈರುಳ್ಳಿ, ಚೀಸು. ಗಂಡ ಸಕೆಲ್ಲಾರಿಸ್ ಬಾಗಿಲಲ್ಲಿ ನಿಂತೇ ಎರಡು ವಡೆ ಬಾಯಿಗೆ ಹಾಕಿಕೊಂಡು ಎಂಜಿನ್ ನೋಡಲು ಓಡುತ್ತಾನೆ. ಮಗಳು ಅರ್ಗಿರೋ ಹಿಂದಿನ ದಿನದ ಟವೆಲುಗಳನ್ನು ತಂತಿಗೆ ಹಾಕುತ್ತಲೇ ಅರ್ಧ ರೊಟ್ಟಿ ಮುಗಿಸುತ್ತಾಳೆ. ಮೇಜಿನ ಮುಂದೆ ಕೂರುವವಳು ಅತ್ತೆ ಸೆವಾಸ್ತಿ ಒಬ್ಬಳೇ. ಎಪ್ಪತ್ತೈದು ವರ್ಷದ ಅವಳು ಎಲೆಗಳನ್ನು ಸುತ್ತುತ್ತಾ ದಿನಕ್ಕೊಮ್ಮೆಯಾದರೂ, "ಈ ಮನೇಲಿ ಇಷ್ಟೊಂದು ಕುರ್ಚಿ ಯಾಕೆ ಇಟ್ಕೊಂಡಿದೀರೋ, ಮಾರಿಬಿಡಿ" ಎನ್ನುತ್ತಾಳೆ.

ದೋಣಿಯ ಹೆಸರೂ ಸೆವಾಸ್ತಿಯೇ. ಹದಿನಾಲ್ಕು ಮೀಟರಿನ ಮರದ ದೋಣಿ. ಗ್ರೀಸಿನ ಈ ಕಾಲಿಮ್ನೊಸ್ ದ್ವೀಪದ ಗಂಡಸರು ಸಮುದ್ರದ ತಳದಿಂದ ಸ್ಪಂಜು ಕಿತ್ತು ತರುತ್ತಿದ್ದ ಕಾಲದ್ದು. ಈಗ ಅದು ಮಧ್ಯಾಹ್ನ ಎರಡಕ್ಕೆ ಪ್ರವಾಸಿಗಳನ್ನು ತುಂಬಿಕೊಂಡು ಕರಾವಳಿಯ ಗುಂಟ ಹೋಗಿ ಮೂರು ಕಡೆ ನಿಲ್ಲುತ್ತದೆ. ಜನ ನೀರಿಗೆ ಹಾರುತ್ತಾರೆ, ಈಜುತ್ತಾರೆ, ಹತ್ತಿ ಬಂದು ಉಣ್ಣುತ್ತಾರೆ, ಮತ್ತೆ ಹಾರುತ್ತಾರೆ. ಏಳಕ್ಕೆ ವಾಪಸ್ಸು.

ಪ್ರತಿ ನಿಲುಗಡೆಯಲ್ಲೂ ಮೊದಲು ನೀರಿಗೆ ಬೀಳುವವಳು ಅರ್ಗಿರೋ, ಕೊನೆಗೆ ಏಣಿ ಹತ್ತುವವಳೂ ಅವಳೇ. ಜನ ನೀರಲ್ಲಿರುವಾಗ ಎಂಜಿನ್ ಚಾಲೂ ಮಾಡುವಂತಿಲ್ಲ, ಕೆಳಗೆ ಪ್ರೊಪೆಲ್ಲರ್ ತಿರುಗುತ್ತದೆ. ಹಾಗಾಗಿ ಯಾರಾದರೂ ದೂರ ಹೋದರೆ ಈಜಿ ಹೋಗಿಯೇ ಕರೆತರಬೇಕು. ಸಕೆಲ್ಲಾರಿಸ್ ಚುಕ್ಕಾಣಿ ಬಿಟ್ಟು ಅಲ್ಲಾಡುವುದಿಲ್ಲ. "ಕ್ಯಾಪ್ಟನ್, ನೀವೂ ಬನ್ನಿ!" ಎಂದು ನೀರಿನಿಂದ ಕೂಗಿದವರಿಗೆ ಅವನು ಐದು ಭಾಷೆಗಳಲ್ಲಿ ಒಂದೇ ಉತ್ತರ ಕೊಡುತ್ತಾನೆ: "ಕ್ಯಾಪ್ಟನ್ ಒಣಗಿರಬೇಕು. ಕ್ಯಾಪ್ಟನ್ ಒದ್ದೆಯಾದ ಅಂದ್ರೆ ದೋಣಿ ಮುಳುಗಿತು ಅಂತ ಅರ್ಥ." ಎಂಟು ವರ್ಷಗಳಿಂದ ಜನ ಅದಕ್ಕೆ ನಗುತ್ತಾ ಬಂದಿದ್ದಾರೆ.

ನಿಜವೇನೆಂದರೆ ಅವನಿಗೆ ಈಜು ಬಾರದು. ಅದು ಗೊತ್ತಿದ್ದದ್ದು ಆ ಮನೆಯ ಮೂವರು ಹೆಂಗಸರಿಗೆ ಮಾತ್ರ. ಅವನ ಅಪ್ಪ ಮಿಹಾಲಿಸ್ ಹೆಸರುವಾಸಿ ಮುಳುಗುಗಾರ. ಸಕೆಲ್ಲಾರಿಸ್ ಮೂರು ವರ್ಷದವನಿದ್ದಾಗ ಒಂದು ದಿನ ಅಪ್ಪ ಆಳದಿಂದ ತೀರಾ ಬೇಗ ಮೇಲೆ ಬಂದು, ನೀರಿನ ಒತ್ತಡದ ಏರುಪೇರಿಗೆ ಎರಡೂ ಕಾಲಿನ ಸ್ವಾಧೀನ ಕಳೆದುಕೊಂಡ. ಅಂದೇ ಸೆವಾಸ್ತಿ ದೇವಮಾತೆಗೆ ಹರಕೆ ಹೊತ್ತಳು, ನನ್ನ ಮಗನ ತಲೆ ಸಮುದ್ರದೊಳಗೆ ಹೋಗಗೊಡುವುದಿಲ್ಲ ಎಂದು. ಊರಿನ ಉಳಿದ ಮಕ್ಕಳೆಲ್ಲ ನೀರಲ್ಲೇ ಬೆಳೆದರು. ಅವನು ದಂಡೆಯಲ್ಲಿ ಅವರ ಬಟ್ಟೆ ಕಾಯುತ್ತಾ ಬೆಳೆದ. ಸೈನ್ಯದ ಚಾಕರಿಯಲ್ಲಿ ಈಜು ಕಲಿತು ಬಂದನೆಂದೇ ಊರು ತಿಳಿದಿತ್ತು.

ಥೆಮೆಲಿನಾಳಿಗೂ ಈಜು ಬಾರದು, ಆದರೆ ಅದು ನಾಚಿಕೆಯ ಮಾತಲ್ಲ. ಅವಳು ಒಳನಾಡಿನ ಹತ್ತಿ ಬಯಲಿನವಳು. ಸಕೆಲ್ಲಾರಿಸ್ ಸೈನ್ಯದ ಚಾಕರಿಗೆ ಆ ಕಡೆ ಬಂದಿದ್ದಾಗ ಪರಿಚಯವಾಗಿ, ಮದುವೆಯಾಗಿ ಬಂದವಳು. ಮೊಣಕಾಲಿನ ಮೇಲೆ ಉಪ್ಪುನೀರು ತಾಗಿಸಿಕೊಳ್ಳದೆಯೇ ಐವತ್ತೊಂದು ವರ್ಷ ಕಳೆದಿದ್ದಳು.

ಜುಲೈ ಕೊನೆಯ ವಾರ ಎರಡನೇ ನಿಲುಗಡೆಯಲ್ಲಿ ಒಬ್ಬ ಡಚ್ಚಿನವನು ಕಣ್ಣು ಮುಚ್ಚಿ ಅಂಗಾತ ತೇಲುತ್ತಾ ಹೋಗಿ ಬಂಡೆಯ ಮೂಲೆ ದಾಟಿಬಿಟ್ಟ. ಅತ್ತ ಕಡೆ ಬಡಗಣ ಗಾಳಿ ನೀರನ್ನು ಹೊರಗೆ ತಳ್ಳುತ್ತಿತ್ತು.

"ಅರ್ಗಿರೋ! ನೀಲಿ ಚಡ್ಡಿ!" ಸಕೆಲ್ಲಾರಿಸ್ ಕೂಗಿದ.

"ನೋಡ್ದೆ ಅಪ್ಪಾ!"

ಅವಳು ಹೋಗಿ ಅವನನ್ನು ಎಳೆದು ತರುವವರೆಗಿನ ಹನ್ನೆರಡು ನಿಮಿಷ ಸಕೆಲ್ಲಾರಿಸ್ ಮುಳುಗುವವರಿಗೆ ಎಸೆಯುವ ತೇಲುಬಳೆ ಹಿಡಿದು ನಿಂತಿದ್ದ. ಪಕ್ಕದಲ್ಲಿ ತಟ್ಟೆ ಜೋಡಿಸುತ್ತಿದ್ದ ಥೆಮೆಲಿನಾ ಅವನ ಕೈ ನೋಡಿದಳು. ಬಳೆ ಎಸೆಯುವವನ ಕೈಯಂತಿರಲಿಲ್ಲ ಅದು. ತನಗೇ ಬಳೆ ಬೇಕಾದವನ ಕೈಯಂತಿತ್ತು.

ಅದಾದ ಮೂರನೆಯ ದಿನ ಬೆಳಗ್ಗೆ ಅರ್ಗಿರೋ ಫೋನು ಹಿಡಿದು ಅಡುಗೆಮನೆಗೆ ಬಂದಳು.

"ಪಾಸಾಗಿದೀನಿ."

"ಯಾವುದರಲ್ಲಿ?" ಸಕೆಲ್ಲಾರಿಸ್ ಕಾಫಿ ಕುಡಿಯುತ್ತಿದ್ದ, ನಿಂತೇ.

"ಹಡಗಿನ ಅಧಿಕಾರಿಗಳ ಶಾಲೆ. ಚಳಿಗಾಲದಲ್ಲಿ ಅರ್ಜಿ ಹಾಕಿದ್ದೆ. ಸೆಪ್ಟೆಂಬರ್ ಕೊನೇಲಿ ಸೇರ್ಕೋಬೇಕು. ಬರ್ತೀನೋ ಇಲ್ವೋ ಅಂತ ಆಗಸ್ಟ್ ಮೂವತ್ತೊಂದರೊಳಗೆ ಹೇಳಬೇಕು."

"ಹಡಗು ಬೇಕಾ ನಿನಗೆ? ಬಂದರಲ್ಲಿ ಕಟ್ಟಿಹಾಕಿದೀವಲ್ಲ, ಅದೇನು ಕತ್ತೇನಾ?"

"ಅದು ಹದಿನಾಲ್ಕು ಮೀಟರ್ ಅಪ್ಪಾ. ನಾನು ಹೇಳ್ತಿರೋದು ಇನ್ನೂರು ಮೀಟರಿನದು."

"ಇನ್ನೂರು ಮೀಟರಿನದೂ ಮುಳುಗೋದು ಕೆಳಗಡೇನೇ."

ಸೆವಾಸ್ತಿ ಎಲೆ ಸುತ್ತುವುದನ್ನು ನಿಲ್ಲಿಸಿದಳು. "ಹಡಗಲ್ಲಿ ಅಡುಗೆ ಯಾರು ಮಾಡ್ತಾರೆ?"

"ಅಡುಗೆಯವನು ಇರ್ತಾನೆ ಅಜ್ಜಿ."

"ಗಂಡಸಾ?"

"ಗಂಡಸೇ."

"ಪಾತ್ರೆ?"

"ಅವನೇ ತೊಳೀತಾನೆ."

"ಹಾಗಾದ್ರೆ ಹೋಗಮ್ಮ, ಹೋಗು. ನಂಗೂ ಒಂದು ಜಾಗ ಇದ್ರೆ ನೋಡು."

"ಅಮ್ಮಾ, ನೀನು ಸುಮ್ನಿರು," ಸಕೆಲ್ಲಾರಿಸ್ ಗದರಿದ. ಮಗಳ ಕಡೆ ತಿರುಗಿದ. "ಬೇಸಿಗೇಲಿ ಬರ್ತೀಯಾ?"

"ಬೇಸಿಗೇಲೇ ಹಡಗಿನ ಮೇಲೆ ತರಬೇತಿ."

"ಹಾಗಾದ್ರೆ ಆಗಲ್ಲ."

"ಯಾಕಾಗಲ್ಲ?"

"ಹಡಗಿನ ಬದುಕು ಹೆಣ್ಮಕ್ಕಳಿಗಲ್ಲ. ತಿಂಗಳುಗಟ್ಟಲೆ ನೆಲ ಕಾಣಲ್ಲ. ಎಂಥೆಂಥೋರು ಇರ್ತಾರೆ."

"ಎಂಟು ವರ್ಷದಿಂದ ನಿನ್ನ ದೋಣೀಲಿ ಕುಡಿದು ಬಿದ್ದೋರನ್ನೆಲ್ಲ ನೀರಿಂದ ಎತ್ತಿ ಹಾಕ್ತಿದೀನಿ, ಆಗ ಎಂಥೆಂಥೋರು ಇರಲಿಲ್ವಾ? ನಿನಗೆ ನನ್ನ ಚಿಂತೆ ಅಲ್ಲ ಅಪ್ಪಾ. ನಾನು ಹೋದ್ರೆ ನೀರಿಗಿಳಿಯೋರು ಯಾರೂ ಇಲ್ಲ. ನಿನಗೆ ಈಜು ಬರಲ್ಲ."

ಆ ಮಾತನ್ನು ಆ ಮನೆಯೊಳಗೆ ಯಾರೂ ಬಾಯಿಬಿಟ್ಟು ಆಡಿದ್ದಿಲ್ಲ. ಸೆವಾಸ್ತಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಸಕೆಲ್ಲಾರಿಸ್ ಕಾಫಿ ಬಟ್ಟಲನ್ನು ಕಿಟಕಿಯ ಕಟ್ಟೆಯ ಮೇಲೆ ಮೆಲ್ಲಗೆ ಇಟ್ಟು ಹೊರಗೆ ಹೋದ. ಮೆಲ್ಲಗೆ ಇಟ್ಟದ್ದೇ ಕೆಟ್ಟದ್ದೆನಿಸಿತು ಥೆಮೆಲಿನಾಳಿಗೆ. ಒಡೆದಿದ್ದರೆ ಗುಡಿಸಿ ಹಾಕಬಹುದಿತ್ತು.

ಆ ಸಂಜೆ ದೋಣಿಯ ಹಲಗೆಗಳನ್ನು ತೊಳೆಯುವಾಗ ಅವಳು ಮಾತು ತೆಗೆದಳು.

"ಒಬ್ಬ ಆಳು ಇಟ್ಕೋ. ಈಜು ಬರೋನು. ಊರ ತುಂಬ ಇದಾರೆ."

"ಆಳು ಮೊದಲನೇ ದಿನಾನೇ ಹೇಳ್ತಾನೆ, ಕ್ಯಾಪ್ಟನ್, ಆ ಕಡೆಯೋರನ್ನ ನೀನು ನೋಡ್ಕೋ, ಈ ಕಡೆಯೋರನ್ನ ನಾನು ಅಂತ. ಆಗ ಏನಂತೀಯ? ಸಂಜೆ ಹೊತ್ತಿಗೆ ಕಾಫಿ ಅಂಗಡೀಲಿ ಎಲ್ಲರ ಬಾಯಲ್ಲೂ ಅದೇ. ಮಿಹಾಲಿಸನ ಮಗ ನೀರಿಗೆ ಬಿದ್ರೆ ಗುಂಡುಕಲ್ಲು ಅಂತ."

"ಅನ್ನಲಿ. ಎರಡು ದಿನ ಅಂತಾರೆ."

"ನೀನು ಈ ಊರಲ್ಲಿ ಹುಟ್ಟಿಲ್ಲ. ಇಲ್ಲಿ ಎರಡು ದಿನ ಅನ್ನಲ್ಲ. ಮೊಮ್ಮಕ್ಕಳಿಗೂ ಅಂತಾರೆ." ಅವನು ಬಕೆಟ್ಟಿನ ನೀರು ಚೆಲ್ಲಿದ. ಅರ್ಧ ಅವಳ ಕಾಲ ಮೇಲೆಯೇ ಬಿತ್ತು.

ಮರುದಿನ ಬೆಳಗ್ಗೆ ಆರೂಮುಕ್ಕಾಲಿಗೆ ಥೆಮೆಲಿನಾ ಒಲೆಯ ಮೇಲೆ ಅನ್ನ ಬೇಯಲು ಬಿಟ್ಟು, ಬ್ರೆಡ್ಡು ತರುತ್ತೇನೆಂದು ಹೊರಟಳು. ಬ್ರೆಡ್ಡಿನಂಗಡಿ ಎಡಕ್ಕೆ. ಅವಳು ಹೋದದ್ದು ಬಲಕ್ಕೆ, ಹಳೆಯ ದೋಣಿಕಟ್ಟೆಯ ಹಿಂದಿನ ಸಣ್ಣ ಕೊಲ್ಲಿಗೆ. ಅಲ್ಲಿ ದಿನವೂ ಊರಿನ ಆರೇಳು ಮುದುಕಿಯರು ತಲೆಗೆ ಹುಲ್ಲಿನ ಟೋಪಿ ಇಟ್ಟುಕೊಂಡು ಎದೆಮಟ್ಟದ ನೀರಲ್ಲಿ ದುಂಡಗೆ ನಿಂತು ಹರಟುತ್ತಾರೆ. ಬೇಸಿಗೆಯಲ್ಲಿ ಇಂತಿಷ್ಟು ಸಮುದ್ರಸ್ನಾನ ಆದರೆ ಚಳಿಗಾಲದಲ್ಲಿ ಕೀಲು ನೋಯುವುದಿಲ್ಲವೆಂದು ಅವರ ಲೆಕ್ಕ.

"ಇವತ್ತಿಗೆ ನನ್ನದು ಹತ್ತೊಂಬತ್ತು."

"ಸುಳ್ಳು ಹೇಳ್ಬೇಡ, ಭಾನುವಾರ ನೀನು ಬಂದಿಲ್ಲ. ಹದಿನೆಂಟು."

"ಭಾನುವಾರ ಸಂಜೆ ಬಂದಿದ್ದೆ ಕಣೇ. ಅಯ್ಯೋ, ಯಾರಿದು? ಕ್ಯಾಪ್ಟನ್ನನ ಹೆಂಡ್ತಿ! ದಾರಿ ತಪ್ಪಿತಾ?"

"ಮಂಡಿ ನೋವು," ಎಂದಳು ಥೆಮೆಲಿನಾ.

ಎರಡು ದಿನ ಅವಳು ಮಂಡಿನೋವಿನವಳ ಹಾಗೆಯೇ ನಿಂತಳು. ಮೂರನೆಯ ದಿನ ಮರೂಕ್ಲಾ ಹತ್ತಿರ ಬಂದಳು. ಎಪ್ಪತ್ತಾರು ವರ್ಷದ ವಿಧವೆ, ಚಿಕ್ಕವಳಿದ್ದಾಗ ಬಂದರಿನ ಈ ತುದಿಯಿಂದ ಆ ತುದಿಗೆ ಗಂಡುಹುಡುಗರ ಜೊತೆ ಪಂದ್ಯ ಕಟ್ಟಿ ಈಜುತ್ತಿದ್ದವಳು.

"ಮಂಡಿ ನೋವಿನೋರು ಕಾಲು ಊರಿ ನಿಲ್ತಾರೆ. ನೀನು ಕದ್ದುಕದ್ದು ಕಾಲು ಎತ್ತೋಕೆ ನೋಡ್ತಿದೀಯ."

ಥೆಮೆಲಿನಾ ಕಾಲು ಊರಿದಳು.

"ಯಾಕೆ ಅಂತ ಕೇಳಲ್ಲ ನಾನು. ಗದ್ದ ಇಲ್ಲಿ ಕೊಡು." ಮರೂಕ್ಲಾ ಅಂಗೈಯನ್ನು ಅವಳ ಗದ್ದದ ಕೆಳಗಿಟ್ಟಳು. "ಈಗ ಕಾಲು ಬಿಡು. ಬಿಡೇ! ನೀರಿನ ಜೊತೆ ಯಾಕೆ ಹೊಡೆದಾಡ್ತೀಯ? ಹೊಸ ಸೊಸೆ ಇರೋ ಹಾಗೆ ಇರು. ಮೇಲೆ ಮೇಲೆ ಹೂಂ ಹೂಂ ಅನ್ನು, ಕೆಳಗೆ ನಿನ್ನ ಕೆಲಸ ನೀನು ಮಾಡ್ಕೋ."

ಅದು ಅರ್ಥವಾಯಿತು. ಸೊಸೆಯಾಗಿ ಇಪ್ಪತ್ತೇಳು ವರ್ಷದ ಅಭ್ಯಾಸವಿತ್ತಲ್ಲ.

ಆಗಸ್ಟ್ ಮೊದಲ ವಾರಕ್ಕೆ ಅವಳು ಏಳು ಬಾರಿ ಕೈ ಬೀಸಿ ಮುಂದೆ ಹೋಗುವಷ್ಟು ಕಲಿತಳು. ಎಂಟನೆಯದಕ್ಕೆ ಮೂಗಿಗೆ ನೀರು ಹೋಗುತ್ತಿತ್ತು. ಮನೆಯಲ್ಲಿ ಅನ್ನ ಎರಡು ಸಲ ತಳ ಹಿಡಿಯಿತು. ಅಪ್ಪ ಮಗಳು ಮಾತು ಬಿಟ್ಟಿದ್ದರು. ದೋಣಿಯ ಮೇಲೆ ಬೇಕಾದಷ್ಟೇ ಮಾತು: ಲಂಗರು ಎತ್ತು, ಏಣಿ ಇಳಿಸು, ಇಪ್ಪತ್ತೆರಡು ಜನ ಹತ್ತಿದರು. ಮನೆಗೆ ಬಂದರೆ ಅದೂ ಇಲ್ಲ. ಸಕೆಲ್ಲಾರಿಸ್ ಕೂತಲ್ಲಿ ಕೂರುತ್ತಿರಲಿಲ್ಲ. ಸರಿಯಿದ್ದ ಬೀಗ ಬಿಚ್ಚಿ ಎಣ್ಣೆ ಹಾಕಿದ, ಸರಿಯಿದ್ದ ನಲ್ಲಿ ತಿರುಪಿ ಸೋರುವಂತೆ ಮಾಡಿದ.

ಹನ್ನೆರಡನೆಯ ತಾರೀಖು ಅರ್ಗಿರೋ ಶಾಲೆಗೆ ಬೇಕಾದ ವೈದ್ಯರ ಪತ್ರಕ್ಕಾಗಿ ಪಕ್ಕದ ದ್ವೀಪಕ್ಕೆ ಹೋಗಬೇಕಿತ್ತು. ಅಪ್ಪನನ್ನು ಕೇಳಲಿಲ್ಲ, ಫ್ರಿಜ್ಜಿನ ಮೇಲೆ ಚೀಟಿ ಅಂಟಿಸಿ ಬೆಳಗಿನ ಹಡಗು ಹತ್ತಿದಳು.

"ಸರಿ," ಎಂದ ಸಕೆಲ್ಲಾರಿಸ್ ಚೀಟಿ ಓದಿ. "ಇವತ್ತು ಈಜು ನಿಲುಗಡೆ ಇಲ್ಲ. ಬರೀ ಸುತ್ತಾಟ. ಗವಿ ತೋರಿಸ್ತೀನಿ, ಮಠ ತೋರಿಸ್ತೀನಿ, ಕತೆ ಹೇಳ್ತೀನಿ. ಮುಂದಿನ ವರ್ಷದಿಂದ ಹಾಗೇ ಮಾಡೋಣ. ನೀರಿಗೆ ಹಾರೋರು ಮನೆ ಬಾತ್‌ರೂಮಲ್ಲಿ ಹಾರ್ಕೊಳ್ಳಲಿ."

ಅಂದು ಮೂವತ್ತೊಂಬತ್ತು ಡಿಗ್ರಿ. ಮೊದಲನೇ ಕೊಲ್ಲಿಯಲ್ಲಿ ಗಾಜಿನಂಥ ನೀರು ಕಂಡೊಡನೆ ಹತ್ತೊಂಬತ್ತು ಜನ ಅಂಗಿ ಬಿಚ್ಚಿ ನಿಂತರು. ದೋಣಿ ನಿಲ್ಲಲಿಲ್ಲ. ಎರಡನೇ ಕೊಲ್ಲಿಯಲ್ಲಿ ನೆರಳಿಗೆಂದು ನಿಲ್ಲಿಸಿದ. ಸಕೆಲ್ಲಾರಿಸ್ ಕಡಲುಗಳ್ಳರ ಕತೆ ಶುರುಮಾಡಿದ. ಯಾರೂ ಕೇಳಲಿಲ್ಲ. ಒಬ್ಬ, "ಈಜು ಅಂತ ಟಿಕೆಟ್ಟಲ್ಲಿ ಬರೆದಿದೆಯಲ್ಲ" ಎಂದು ಟಿಕೆಟ್ಟು ಎತ್ತಿ ಹಿಡಿದ. "ಇವತ್ತು ನೀರು ಸರಿಯಿಲ್ಲ," ಎಂದ ಸಕೆಲ್ಲಾರಿಸ್. ಎಲ್ಲರೂ ನೀರು ನೋಡಿದರು. ತಳದ ಕಲ್ಲುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು.

ಆಗ ಎಪ್ಪತ್ತರ ಒಬ್ಬ ಇಟಲಿಯ ಅಜ್ಜಿ ಕನ್ನಡಕ ತೆಗೆದು ಥೆಮೆಲಿನಾಳ ಕೈಗೆ ಕೊಟ್ಟು, ಕಟಕಟೆಯ ಮೇಲೆ ಹತ್ತಿ ಧುಮುಕಿಬಿಟ್ಟಳು.

"ಅಮ್ಮಾ! ಅಮ್ಮಾ, ವಾಪಸ್ ಬನ್ನಿ!" ಸಕೆಲ್ಲಾರಿಸನ ದನಿ ಒಡೆಯಿತು.

ಅಜ್ಜಿ ಕೈಬೀಸಿ ಇನ್ನೂ ದೂರ ಹೋದಳು. ಅವಳ ಹಿಂದೆ ಇನ್ನಿಬ್ಬರು ಹಾರಿದರು. ಥೆಮೆಲಿನಾ ಕನ್ನಡಕ ಹಿಡಿದು ಏಣಿಯ ಬಾಯಲ್ಲಿ ನಿಂತಳು. ಏಳು ಬಾರಿ ಕೈ ಬೀಸಿದರೆ ಎಲ್ಲಿಯವರೆಗೆ ಹೋಗಬಹುದೆಂದು ಕಣ್ಣಲ್ಲೇ ಅಳೆದಳು. ಲಂಗರಿನ ಹಗ್ಗದವರೆಗೂ ಇಲ್ಲ. ಅಜ್ಜಿಗೆ ಏನೂ ಆಗಲಿಲ್ಲ. ಅರ್ಧ ಗಂಟೆ ಈಜಿ, ಹತ್ತಿ ಬಂದು, ಕನ್ನಡಕ ಹಾಕಿಕೊಂಡು ಎರಡು ತಟ್ಟೆ ಊಟ ಮಾಡಿದಳು. ಸಕೆಲ್ಲಾರಿಸ್ ಮಾತ್ರ ಆ ದಿನ ಏನೂ ತಿನ್ನಲಿಲ್ಲ.

ಸಂಜೆ ಮರಳಿದ ಅರ್ಗಿರೋಗೆ ಬಂದರಿನಲ್ಲೇ ಸುದ್ದಿ ಸಿಕ್ಕಿತ್ತು. ಹಿತ್ತಲಲ್ಲಿ ಟವೆಲು ಮಡಿಸುತ್ತಿದ್ದ ತಾಯಿಯ ಎದುರು ನಿಂತಳು.

"ನಾನು ಹೋಗಲ್ಲ. ಬರಲ್ಲ ಅಂತ ಬರೆದುಬಿಡ್ತೀನಿ."

"ಯಾಕೆ?"

"ಯಾಕೆ ಅಂತ ಬೇರೆ ಕೇಳ್ತೀಯ. ನಾನು ಅಲ್ಲಿ ನಕ್ಷೆ ಓದ್ತಾ ಕೂತಿರ್ಬೇಕಾದ್ರೆ ಇಲ್ಲಿ ಯಾರೋ ಒಬ್ರು ಮುಳುಗ್ತಾರೆ. ಅಪ್ಪ ಅವರ ಹಿಂದೆ ಹಾರ್ತಾನೆ. ಹಾರೇ ಹಾರ್ತಾನೆ, ನಿನಗೂ ಗೊತ್ತು. ಇಬ್ರೂ ಹೋಗ್ತಾರೆ."

"ಒಪ್ಪಿಗೆ ಹೇಳೋಕೆ ಮೂವತ್ತೊಂದರವರೆಗೆ ಟೈಮಿದೆ ಅಂದ್ಯಲ್ಲ."

"ಇದೆ. ಆದ್ರೇನು?"

"ಇಪ್ಪತ್ತೊಂಬತ್ತರವರೆಗೆ ಬಾಯಿ ಮುಚ್ಕೊಂಡಿರು. ಯಾರಿಗೂ ಏನೂ ಬರೀಬೇಡ."

ಅರ್ಗಿರೋ ತಾಯಿಯನ್ನು ದಿಟ್ಟಿಸಿದಳು. ಕೈಯ ಟವೆಲು ಕಿತ್ತುಕೊಂಡು ತಾಯಿಯ ಕೂದಲು ಮೂಸಿದಳು. "ಅಮ್ಮಾ! ನೀನು..."

"ಮಡಿಸು, ಮಡಿಸು. ಇನ್ನೂ ಹದಿನೈದು ಇದಾವೆ."

ಅಂದಿನಿಂದ ದಿನಕ್ಕೆ ಎರಡು ಸ್ನಾನ. ಬೆಳಗ್ಗೆ ಮರೂಕ್ಲಾಳ ಜೊತೆ, ಸಂಜೆ ದೋಣಿ ತೊಳೆದ ಮೇಲೆ ಮಗಳ ಜೊತೆ. ಮರೂಕ್ಲಾ ಗದ್ದದ ಕೆಳಗಿನ ಕೈ ಪೂರ್ತಿ ತೆಗೆದಳು. ಅರ್ಗಿರೋ ಹಿಂದಿನಿಂದ ಹೇಗೆ ಹಿಡಿಯಬೇಕು, ಮುಳುಗುವವನು ಮೈಮೇಲೆ ಹತ್ತದ ಹಾಗೆ ಹೇಗೆ ಎಳೆಯಬೇಕು ತೋರಿಸಿದಳು. "ಕತ್ತು ಅಲ್ಲ ಅಮ್ಮಾ, ಗದ್ದ! ಕೋಳಿ ಹಿಡಿದ ಹಾಗೆ ಹಿಡೀತೀಯಲ್ಲ!"

ಆಗಸ್ಟ್ ಹದಿನೈದರ ದೇವಮಾತೆಯ ಹಬ್ಬ ಕಳೆಯಿತು. ಮರುದಿನ ಬೆಳಗ್ಗೆ ಥೆಮೆಲಿನಾ ಹಿತ್ತಲ ಬಾಗಿಲಿಂದ ಒಳಬರುವಾಗ ಸೆವಾಸ್ತಿ ಮೇಜಿನ ಮುಂದೆ ಕಾಯುತ್ತಿದ್ದಳು.

"ಬ್ರೆಡ್ ತಂದ್ಯಾ?"

"ತಂದೆ."

"ಮೂರು ವಾರದಿಂದ ನಮ್ಮ ಬ್ರೆಡ್ಡಿನಂಗಡೀಲಿ ಸಮುದ್ರ ಹರೀತಿದೆ. ತಲೆ ಒರೆಸ್ಕೋ, ಅನ್ನಕ್ಕೆ ತೊಟ್ಟಿಕ್ತಿದೆ."

ಥೆಮೆಲಿನಾ ಜಗಳಕ್ಕೇ ಸಿದ್ಧಳಾದಳು. "ಹೌದು ಅತ್ತೆ, ಕಲೀತಿದೀನಿ. ಹರಕೆ ನಿಮ್ಮ ಮಗನ ತಲೆಗೆ ಹೊತ್ತಿದ್ದು, ನನ್ನ ತಲೆಗಲ್ಲ. ನಿಮ್ಮ ದೇವಮಾತೆಗೆ ನಾನೇನೂ ಬಾಕಿ ಇಲ್ಲ."

"ಕೂಗಬೇಡ, ಕಿವಿ ಚೆನ್ನಾಗಿದೆ ನನಗೆ. ಕೂತ್ಕೋ."

"ಕೂರೋಕೆ ಪುರಸೊತ್ತಿಲ್ಲ."

"ಕೂತ್ಕೋ ಅಂದೆ."

ಥೆಮೆಲಿನಾ ಕೂತಳು. ಸೆವಾಸ್ತಿ ಒಂದು ಎಲೆ ಹರಡಿ ನಡುವೆ ಚಮಚೆ ಅನ್ನ ಇಟ್ಟಳು.

"ಹರಕೆ ಹೊತ್ತಾಗ ನನಗೆ ಇಪ್ಪತ್ತಾರು ವರ್ಷ. ಜೀವನಪೂರ್ತಿ ಅಂತ ಹೇಳೋಕೆ ನಾನೇನು ಹುಚ್ಚೀನಾ? ದ್ವೀಪದಲ್ಲಿ ಇರೋ ಗಂಡಸು ಅವನು. ಸೈನ್ಯದ ಚಾಕರಿ ಮುಗಿಸಿ ಬರೋವರೆಗೆ ಅಂತ ಹೇಳಿದ್ದೆ. ಬಂದ. ಬೆಳ್ಳಿ ದೋಣಿ ಮಾಡಿಸಿ ಚರ್ಚಿಗೆ ಒಪ್ಪಿಸಿದೆ. ಹೋಗಪ್ಪ, ಇನ್ನು ನೀರಿಗಿಳಿ ಅಂದೆ."

"ಅವನಿಗೆ ಗೊತ್ತಾ?"

"ನನ್ನ ಪಕ್ಕದಲ್ಲೇ ಮೇಣದಬತ್ತಿ ಹಚ್ಚಿದನಲ್ಲ, ಗೊತ್ತಿಲ್ದೇ ಏನು? ಒಂದು ಸಲ ಹೋದ, ಸೊಂಟದವರೆಗೆ. ವಾಪಸ್ ಬಂದ. ಆಮೇಲೆ ಹರಕೆ ಇನ್ನೂ ಇದೆ ಅನ್ನೋ ನೆಪ ಹಿಡ್ಕೊಂಡ. ನಿನಗೂ ಹಾಗೇ ಹೇಳಿದ್ದು. ನಾನೂ ಬಾಯಿಬಿಡಲಿಲ್ಲ. ಅವನು ಒಣಗಿದ್ರೆ ನನಗೂ ನಿದ್ದೆ ಬರ್ತಿತ್ತು." ಎಲೆಯನ್ನು ಬಿಗಿಯಾಗಿ ಸುತ್ತಿ ಪಾತ್ರೆಯಲ್ಲಿಟ್ಟಳು. "ಈಗ ನಿನಗೆ ಹೇಳಿದೀನಿ. ಅವನ ಮುಖಕ್ಕೆ ಎಸೆಯೋದಾದ್ರೆ ಎಸಿ."

ಥೆಮೆಲಿನಾ ಎದ್ದು ಒಲೆ ಸಣ್ಣ ಮಾಡಿದಳು. ಆಮೇಲಿನ ಎರಡು ವಾರದಲ್ಲಿ ಎಸೆಯಲು ಹತ್ತು ಸಂದರ್ಭ ಬಂದವು. ಅವನು ಮಗಳ ಬಗ್ಗೆ, "ಅಪ್ಪನ ಮಾನ ಕಳೆಯೋಕೆ ಹುಟ್ಟಿದಾಳೆ" ಎಂದಾಗ ಮಾತು ನಾಲಿಗೆಯ ತುದಿಗೇ ಬಂದಿತ್ತು. ವಡೆಗೆ ಉಪ್ಪು ಸಾಕಾ ನೋಡು ಎಂದು ಒಂದು ವಡೆ ಅವನ ಬಾಯಿಗೆ ತುರುಕಿದಳು.

ಇಪ್ಪತ್ತೊಂಬತ್ತಕ್ಕೆ ಗಾಳಿ ಇತ್ತು, ಆದರೆ ಎರಡನೇ ಕೊಲ್ಲಿ ಬೆಟ್ಟದ ಮರೆಗೆ. ಹದಿನೇಳು ಜನ ಪ್ರವಾಸಿಗಳು ಈಜಿ ಹತ್ತಿ ಬಂದು ಟವೆಲು ಸುತ್ತಿಕೊಂಡು ಊಟಕ್ಕೆ ಕಾದಿದ್ದರು. ಅರ್ಗಿರೋ ಮಾತ್ರ ಇನ್ನೂ ನೀರಲ್ಲೇ ಇದ್ದಳು, ಕೊಲ್ಲಿಯ ಬಾಯಲ್ಲಿದ್ದ ಕರಿಬಂಡೆಯ ಹತ್ತಿರ, ದೋಣಿಯಿಂದ ಅರವತ್ತು ಮೀಟರ್ ದೂರ.

"ಇವಳೇನು ಅಲ್ಲೇ ಮನೆ ಮಾಡ್ತಾಳಾ?" ಸಕೆಲ್ಲಾರಿಸ್ ಗೊಣಗಿದ.

"ನಾನು ಹೋಗಿ ಕರ್ಕೊಂಡು ಬರ್ತೀನಿ," ಎಂದಳು ಥೆಮೆಲಿನಾ.

ಏಪ್ರನ್ ಬಿಚ್ಚಿ ಚುಕ್ಕಾಣಿಗೆ ತೂಗುಹಾಕಿದಳು. ಆಮೇಲೆ ಲಂಗ. ಒಳಗೆ ಮರೂಕ್ಲಾ ಕೊಟ್ಟ ಕಪ್ಪು ಈಜುಡುಗೆ ಇತ್ತು. ಸಕೆಲ್ಲಾರಿಸ್ ಆ ಉಡುಗೆಯನ್ನೂ, ಬಂಡೆಯನ್ನೂ, ಮತ್ತೆ ಆ ಉಡುಗೆಯನ್ನೂ ನೋಡಿದ.

"ನಿನಗೆ ತಲೆ ಕೆಟ್ಟಿದೆಯಾ?"

"ಅವಳು ಅಲ್ಲಿ ಸತ್ತೋಳ ಹಾಗೆ ಮಲಗಿರ್ತಾಳೆ. ನಾನು ಎಳ್ಕೊಂಡು ಬರ್ಬೇಕು. ಬಂದ್ರೆ ಅವಳು ಹೋಗ್ತಾಳೆ, ಮುಂದಿನ ವರ್ಷ ನೀರಿಗೆ ನಾನಿರ್ತೀನಿ. ಆಗ್ಲಿಲ್ಲ ಅಂದ್ರೆ ನಾಳೆ ಬರಲ್ಲ ಅಂತ ಬರೀತಾಳೆ. ನಾವಿಬ್ರೂ ಹಾಗೆ ಮಾತಾಡ್ಕೊಂಡಿದೀವಿ."

"ನನ್ನನ್ನ ಕೇಳ್ದೇನೇ?"

"ನೀನು ಅವಳ ಜೊತೆ ಮಾತು ಬಿಟ್ಟಿದ್ಯಲ್ಲ."

ಅವನು ಏಣಿಗೆ ಅಡ್ಡ ನಿಂತ. ತಿನ್ನಲು ಬಂದ ಪ್ರವಾಸಿಗಳು ನೋಡುತ್ತಾ ಕೂತರು. ಕೊನೆಗೆ ಅವನು ಹಗ್ಗದ ಸುರುಳಿ ತಂದು ಅವಳ ಸೊಂಟಕ್ಕೆ ಕಟ್ಟಿದ. ಎರಡು ಸಲ ಎಳೆದು ನೋಡಿದ. "ಇದಿಲ್ದೇ ಇಳಿಯಕೂಡದು," ಎಂದ.

ಥೆಮೆಲಿನಾ ಇಳಿದಳು. ಏಣಿ ಬಿಟ್ಟಳು. ಮೊದಲ ಏಳನ್ನು ಎಣಿಸಿದಳು, ಆಮೇಲೆ ಎಣಿಸುವುದು ಬಿಟ್ಟಳು. ಕಾಲಡಿ ನೀರು ನೀಲಿಯಿಂದ ಕಪ್ಪಿಗೆ ತಿರುಗಿತು. ಕೆಳಗೆ ನೋಡಬಾರದೆಂದು ಬಂಡೆ ನೋಡಿದಳು. ಅರ್ಧ ದಾರಿ ಕಳೆದಿರಬಹುದು. ಸೊಂಟ ಹಿಂದಕ್ಕೆ ಜಗ್ಗಿತು, ಬಾಯಿಗೆ ಉಪ್ಪುನೀರು ನುಗ್ಗಿತು.

ಹಗ್ಗ ಬಿಗಿದಿತ್ತು. ಮುಗಿದಿರಲಿಲ್ಲ. ತಿರುಗಿ ನೋಡಿದರೆ ಸಕೆಲ್ಲಾರಿಸನ ಕಾಲಬುಡದಲ್ಲಿ ಇನ್ನೂ ಅರ್ಧ ಸುರುಳಿ ಇತ್ತು. ಅವನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ.

"ಬಿಡೋ!" ಅವಳು ಕೂಗಿದಳು. "ಸಕೆಲ್ಲಾರಿಸ್, ಹಗ್ಗ ಬಿಡೋ!"

ಅವನು ಬಿಡಲಿಲ್ಲ. ಬಿಡಬಾರದೆಂದಲ್ಲ, ಕೈ ಅವನ ಮಾತು ಕೇಳುತ್ತಿರಲಿಲ್ಲ. ಅವಳಿಗೆ ಅದು ಅಷ್ಟು ದೂರದಿಂದಲೂ ಗೊತ್ತಾಯಿತು. ಅತ್ತ ಅರ್ಗಿರೋ ತಲೆಯೆತ್ತಿ ನೋಡಿದಳು, ಆದರೆ ಬರಲಿಲ್ಲ. ಮಾತು ಅಂದರೆ ಮಾತು.

ಥೆಮೆಲಿನಾ ಅಂಗಾತ ತೇಲಿ, ಮೂಗು ಮೇಲಿಟ್ಟು, ಎರಡೂ ಕೈ ಸೊಂಟಕ್ಕೆ ತಂದಳು. ಒದ್ದೆ ಗಂಟು ಕಲ್ಲಿನಂತಿತ್ತು. ಒಂದು ಉಗುರು ಮುರಿಯಿತು. ಎರಡು ಸಲ ಮುಖದ ಮೇಲೆ ನೀರು ಹಾಯಿತು. ಗಂಟು ಒಂದು ಎಳೆಯಷ್ಟು ಸಡಿಲಿತು, ಆಮೇಲೆ ಪೂರ್ತಿ ಬಿಚ್ಚಿತು. ಹಗ್ಗ ಹಾವಿನಂತೆ ಅವಳ ಮೈ ಸವರಿ ಹಿಂದಕ್ಕೆ ಹೋಯಿತು. ದೋಣಿಯ ಕಡೆಯಿಂದ ಒಂದು ಸದ್ದು ಬಂತು. ಮಾತಲ್ಲ, ಬರೀ ಸದ್ದು. ಅವಳು ತಿರುಗಿ ನೋಡಲಿಲ್ಲ.

ಬಂಡೆ ಮುಟ್ಟಿದಳು. ಮೂರು ಉಸಿರು ತೆಗೆದುಕೊಂಡಳು. ಅರ್ಗಿರೋ ಕಣ್ಣು ಮುಚ್ಚಿ ಕೈಕಾಲು ಚೆಲ್ಲಿ ತೇಲುತ್ತಿದ್ದಳು. ಹಿಂದಿನಿಂದ ಹೋಗಿ ಗದ್ದ ಹಿಡಿದಳು.

"ಅಮ್ಮಾ, ಕತ್ತು ಹಿಸುಕ್ತಿದೀಯ."

"ಸತ್ತೋರು ಮಾತಾಡಲ್ಲ, ಸುಮ್ನಿರು."

"ನನ್ನ ಮೂಗಿಗೆ ನೀರು..."

"ಹುಟ್ಟಿದಾಗ ಮೂರೂವರೆ ಕಿಲೋ ಇದ್ದೆ. ಏನು ತಿಂದು ಹೀಗಾದೆ?"

ವಾಪಸು ಬರುವುದಕ್ಕೆ ಎಷ್ಟು ಹೊತ್ತಾಯಿತೋ ಅವಳಿಗೆ ತಿಳಿಯದು. ತೋಳು ತನ್ನದಲ್ಲವೆನಿಸಿದ ಮೇಲೂ ಬೀಸುತ್ತಿತ್ತು. ಕೊನೆಗೆ ಏಣಿಯ ಕಬ್ಬಿಣ ಕೈಗೆ ಸಿಕ್ಕಿತು. ಮಗಳನ್ನು ಮೊದಲು ಅದಕ್ಕೆ ಒರಗಿಸಿದಳು. ಆಮೇಲೆ ತಾನು ಹಿಡಿದಳು. ಮೇಲೆ ಯಾರೋ ಚಪ್ಪಾಳೆ ತಟ್ಟಿದರು. ಯಾರೋ ಅವರನ್ನು ಸುಮ್ಮನಾಗಿಸಿದರು.

ಹತ್ತಿ ಬಂದಾಗ ಸಕೆಲ್ಲಾರಿಸ್ ಕಟಕಟೆ ಹಿಡಿದು ನಿಂತಿದ್ದ. ಹಗ್ಗ ಅವನ ಸುತ್ತ ಗೋಜಲಾಗಿ ಬಿದ್ದಿತ್ತು. ಅವನ ಒಂದು ಕಾಲಲ್ಲಿ ಬೂಟು ಇತ್ತು. ಇನ್ನೊಂದರಲ್ಲಿ ಇರಲಿಲ್ಲ. ಬಿಸಿಲು ಕಾಣದ ಬೆಳ್ಳನೆಯ ಪಾದ, ಕಟಕಟೆಯ ಹೊರಗಿನ ಹಲಗೆಯ ಮೇಲೆ.

ಥೆಮೆಲಿನಾ ಆ ಪಾದ ನೋಡಿದಳು. ಅರ್ಗಿರೋ ಕೂಡ ನೋಡಿದಳು.

"ಗಂಟು ಯಾರು ಬಿಚ್ಚಿದ್ದು?" ಅವನು ಕೇಳಿದ.

"ನಾನೇ."

"ಅದು ಬಿಚ್ಚೋ ಗಂಟಲ್ಲ."

"ಬಿಚ್ಚಿತಲ್ಲ."

ಅವನು ಕಾಲನ್ನು ಒಳಗೆಳೆದುಕೊಂಡ. ಸ್ವಲ್ಪ ಹೊತ್ತು ಅವಳ ಮುಖ ನೋಡಿದ. "ಅಮ್ಮ ನಿನಗೆ ಏನಾದ್ರೂ ಹೇಳಿದಾಳಾ?"

"ಏನು?"

"ಏನಿಲ್ಲ."

ಟವೆಲು ಸುತ್ತಿಕೊಂಡ ಹದಿನೇಳು ಜನ ಖಾಲಿ ತಟ್ಟೆಗಳ ಮುಂದೆ ಕೂತಿದ್ದರು. ಒಂದು ಮಗು ಹಸಿವೆಂದು ಅಳಲು ಶುರುಮಾಡಿತ್ತು. ಸಕೆಲ್ಲಾರಿಸ್ ಅವರ ಕಡೆ ನೋಡಿ, ನೀರು ತೊಟ್ಟಿಕ್ಕುತ್ತಾ ನಡುಗುತ್ತಿದ್ದ ಹೆಂಡತಿಯ ಕಡೆ ನೋಡಿ, ಮಗಳ ಕಡೆ ತಿರುಗಿದ. ದೋಣಿಯ ಕೆಲಸದ ಮಾತು ಬಿಟ್ಟರೆ ಒಂದು ತಿಂಗಳ ಮೇಲೆ ಅವಳಿಗೆ ಆಡಿದ ಮೊದಲ ಮಾತು ಅದು.

"ಮುಂದಿನ ವರ್ಷ ಇವಳು ನೀರಲ್ಲಿದ್ರೆ ಊಟ ಯಾರು ಬಡಿಸ್ತಾರೆ? ಯೋಚನೆ ಮಾಡಿದೀರಾ ಇಬ್ರೂ?"

ಥೆಮೆಲಿನಾ ಚುಕ್ಕಾಣಿಯಿಂದ ಏಪ್ರನ್ ತೆಗೆದು ಅವನ ಕೈಗೆ ಕೊಟ್ಟಳು.

"ವಡೆ ಒಬ್ಬೊಬ್ರಿಗೆ ಮೂರು," ಎಂದಳು. "ಎಲೆ ಸುರುಳಿ ನಾಲ್ಕು. ಮಗುವಿನ ತಟ್ಟೆ ಮೊದಲು ಹಾಕು."